ಅಮ್ಮನ ಕನ್ನಡ ವಿಂಡೋಸ್‌ನಲ್ಲಿ ಮಾತ್ರ ಯಾಕಿತ್ತು?

ಪಿ. ತಲೆ ಮೇಲೆ ಓರೆ ಗೆರೆ ಇರೋ ಎ. ಬ್ರಿಟಿಷರ ಪೌಂಡ್ ಚಿಹ್ನೆ. ಮತ್ತೆ ಅದೇ ಗೆರೆ ಎ. ಜರ್ಮನ್ ಭಾಷೆಯಲ್ಲಿ ಡಬಲ್ ಎಸ್ ಬದಲು ಬರೆಯೋ, ನೋಡೋಕೆ ಬಿ ಥರ ಇರೋ ಒಂದು ಅಕ್ಷರ. ಸಣ್ಣ ಕ್ಯೂ. ಕೊನೆಗೆ ಇನ್ನೊಂದು ಗೆರೆ ಎ.

ನಮಸ್ಕಾರ. ನಾನೀಗ ಓದಿದ್ದು ಯಾರ ಪಾಸ್‌ವರ್ಡೂ ಅಲ್ಲ. ‘ಕನ್ನಡ’ ಅನ್ನೋ ಪದ. ನಮ್ಮಮ್ಮನ ಕಂಪ್ಯೂಟರಿನ ಹಾರ್ಡ್ ಡಿಸ್ಕ್‌ನಲ್ಲಿ ಅದು ಇಪ್ಪತ್ತು ವರ್ಷದಿಂದ ಹೀಗೇ ಕೂತಿತ್ತು. ನಮಗೆ ಗೊತ್ತಾಗಿದ್ದು ಹೋದ ನವೆಂಬರ್‌ನಲ್ಲಿ, ಅಂಗಡಿಯ ಕಂಪ್ಯೂಟರ್‌ಗೆ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದಾಗ.

ಅಂಗಡಿ ಅಂದೆ. ತಿಪಟೂರಿನಲ್ಲಿ ಅಮ್ಮನದೊಂದು ಡಿಟಿಪಿ ಸೆಂಟರ್ ಇದೆ. ಅರ್ಜಿ, ಬಾಡಿಗೆ ಕರಾರು, ಪಾಲುಪಟ್ಟಿ, ಗೃಹಪ್ರವೇಶದ ಕಾರ್ಡು, ಕೋರ್ಟಿನ ಅಫಿಡವಿಟ್ಟು, ಎಲ್ಲ ಟೈಪ್ ಮಾಡ್ತಾರೆ. ಶುರು ಮಾಡಿದ್ದು 1999ರಲ್ಲಿ, ವಿಂಡೋಸ್ 98 ಮೇಲೆ. ಆಮೇಲೆ ಎಕ್ಸ್‌ಪಿ, ಸೆವೆನ್, ಟೆನ್. ಕಂಪ್ಯೂಟರ್ ಬದಲಾದಾಗಲೆಲ್ಲ ಹಳೇ ಫೈಲುಗಳು ಹೊಸ ಮನೆಗೆ ಸಾಮಾನು ಸಾಗಿಸಿದ ಹಾಗೆ ಸಾಗ್ತಾ ಬಂದವು. ಈ ಕೆಲಸದಲ್ಲಿ ಹಳೇ ಫೈಲೇ ಬಂಡವಾಳ. “ಅಕ್ಕ, ಹೋದ್ ಸಲ ನಮ್ಮಣ್ಣಂದು ಮಾಡಿಕೊಟ್ರಲ್ಲ, ಅದೇ ಥರ ಇನ್ನೊಂದು” ಅಂತ ಬರೋರೇ ಜಾಸ್ತಿ.

ವಿಂಡೋಸ್ ಟೆನ್‌ಗೆ ಮೈಕ್ರೋಸಾಫ್ಟ್ ಬೆಂಬಲ ನಿಂತಿದ್ದು 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ ಇಲೆವೆನ್‌ಗೆ ಹೋಗೋಣ ಅಂದ್ರೆ ಅದಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಕೂಡ ಅವರ ಪಟ್ಟಿಯಲ್ಲಿ ಇರಬೇಕು. ಅಮ್ಮನ ಐ3 ನಾಲ್ಕನೇ ಜನರೇಷನ್‌ದು. ಚೆನ್ನಾಗಿ ಓಡ್ತಿರೋ ಮೆಷಿನ್ನು, ಆದ್ರೆ ಪಟ್ಟಿಯಲ್ಲಿಲ್ಲ. ಇನ್ನೊಂದು ವರ್ಷ ಸೆಕ್ಯೂರಿಟಿ ಅಪ್‌ಡೇಟ್ ಪಡೆಯೋ ದಾರಿ ಇತ್ತು ಅನ್ನೋದನ್ನೂ ಹೇಳಿಬಿಡ್ತೀನಿ. ನಾನು ಅದನ್ನ ಹಿಡಿಯಲಿಲ್ಲ. ಯೂಟ್ಯೂಬ್ ನೋಡಿ ಹೀರೋ ಆಗೋಕೆ ಹೊರಟಿದ್ದೆ. ಲಿನಕ್ಸ್ ಮಿಂಟ್ ಹಾಕಿದೆ, ಯಾಕಂದ್ರೆ ಅದರ ಮೆನು, ಕೆಳಗಿನ ಪಟ್ಟಿ ಎಲ್ಲ ವಿಂಡೋಸ್ ಥರಾನೇ ಕಾಣುತ್ತೆ. ಡಾಕ್ಯುಮೆಂಟ್ಸ್ ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡು, ಡಿಸ್ಕ್ ಒರೆಸಿ, ಹೊಸದು ಕೂರಿಸಿದೆ. ಅರ್ಧ ಗಂಟೆ ಹಿಡಿತು.

ಅಮ್ಮ ಬಂದು ಒಂದು ಬಾಡಿಗೆ ಕರಾರು ಓಪನ್ ಮಾಡಿದ್ರು. ಪುಟ ತುಂಬ ಪೌಂಡು, ಗೆರೆ ಎ, ಸಣ್ಣ ಕ್ಯೂ.

“ಇದೇನೋ ಇದು? ನನ್ನ ಅಕ್ಷರ ಎಲ್ಲೋ ಹೋಯ್ತು?”

ಇವತ್ತು ನಾನು ಹೇಳಬೇಕಿರೋದು ಈ ಪ್ರಶ್ನೆಗೆ ಉತ್ತರ. ಅಕ್ಷರ ಎಲ್ಲೂ ಹೋಗಿರಲಿಲ್ಲ. ಅಲ್ಲಿ ಕನ್ನಡ ಅಕ್ಷರ ಯಾವತ್ತೂ ಇರಲೇ ಇಲ್ಲ.

ಸ್ವಲ್ಪ ಹಿಂದೆ ಹೋಗೋಣ. ಎಂಬತ್ತರ, ತೊಂಬತ್ತರ ದಶಕದ ಕಂಪ್ಯೂಟರಿಗೆ ಅಕ್ಷರ ಅಂದ್ರೆ ಒಂದು ನಂಬರ್. ಒಂದು ಬೈಟ್‌ನಲ್ಲಿ 256 ಜಾಗ. ಮೊದಲ 128ರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ ಕೂತಿವೆ. ಉಳಿದ ಅರ್ಧದಲ್ಲಿ ಯುರೋಪಿನ ಭಾಷೆಗಳ ಗೆರೆ, ಚುಕ್ಕಿ ಇರೋ ಅಕ್ಷರಗಳು, ಪೌಂಡು, ಹೀಗೆ. ಕನ್ನಡಕ್ಕೆ ಜಾಗ ಎಲ್ಲಿ? ನಮ್ಮದು 34 ವ್ಯಂಜನ, ಅದಕ್ಕೆ ಕಾಗುಣಿತ. ಬರೀ ಕ, ಕಾ, ಕಿ, ಕೀ ಲೆಕ್ಕ ಹಾಕಿದ್ರೇ ನಾನೂರು ದಾಟುತ್ತೆ. ಒತ್ತಕ್ಷರ ಬೇರೆ.

ಆಗ ಒಂದು ಉಪಾಯ ಬಂತು. ಟೈಪ್‌ರೈಟರ್ ಕಾಲದ ಉಪಾಯಕ್ಕೆ ಹತ್ತಿರದ್ದು. ಅಕ್ಷರವನ್ನ ಒಡೆಯೋದು. ‘ಕ’ ಅಂದ್ರೆ ಒಂದು ಮೈ, ಮೇಲೊಂದು ತಲೆಕಟ್ಟು. ಮೈಗೆ ಒಂದು ಜಾಗ, ತಲೆಕಟ್ಟಿಗೆ ಒಂದು ಜಾಗ. ಆ ತಲೆಕಟ್ಟು ಕ, ನ, ಡ ಮೂರಕ್ಕೂ ನಡೆಯುತ್ತೆ. ಒತ್ತುಗಳಿಗೆ ಒಂದೊಂದು ಜಾಗ. ಹೀಗೆ ತುಂಡು ಮಾಡಿದ್ರೆ ಇನ್ನೂರು ಚಿಲ್ಲರೆ ಜಾಗದಲ್ಲಿ ಇಡೀ ಕನ್ನಡ ಹಿಡಿಸುತ್ತೆ. ಆಮೇಲೆ ಒಂದು ಫಾಂಟ್ ಮಾಡಿ, ಪಿ ಇರಬೇಕಾದ ಮನೆಯಲ್ಲಿ ‘ಕ’ದ ಮೈ ಬರೀರಿ, ಗೆರೆ ಎ ಇರೋ ಮನೆಯಲ್ಲಿ ತಲೆಕಟ್ಟು ಬರೀರಿ. ಕಂಪ್ಯೂಟರ್ ತಾನು ಪಿ ಮತ್ತು ಎ ತೋರಿಸ್ತಿದ್ದೀನಿ ಅಂದುಕೊಂಡಿರುತ್ತೆ. ನಾವು ‘ಕ’ ಓದ್ತೀವಿ. ಜರ್ಮನ್ ಡಬಲ್ ಎಸ್ ಇದ್ದ ಮನೆಯಲ್ಲಿ ‘ನ’ ಒತ್ತು ಬಾಡಿಗೆಗೆ ಇತ್ತು. ಇದನ್ನೇ ನಮ್ಮ ಡಿಟಿಪಿಯವರು ಇವತ್ತಿಗೂ ‘ಆಸ್ಕಿ’ ಅಂತಾರೆ.

ಇದನ್ನ ಕೇಳಿ ನಗಬೇಡಿ. ನಾನು ಮೊದಲು ನಕ್ಕಿದ್ದೆ, ಆಮೇಲೆ ನಾಚಿಕೆ ಆಯ್ತು. ಆ ಉಪಾಯ ಇಲ್ಲದೆ ಹೋಗಿದ್ರೆ ಅಷ್ಟೂ ವರ್ಷ ತಾಲ್ಲೂಕು ಊರುಗಳಲ್ಲಿ ಕನ್ನಡ ಪ್ರಿಂಟರಿಂದ ಹೊರಗೆ ಬರ್ತಿರಲಿಲ್ಲ.

ತೊಂದರೆ ಬೇರೆ ಕಡೆ ಇತ್ತು. ಯಾವ ತುಂಡನ್ನ ಯಾವ ಮನೆಯಲ್ಲಿ ಇಡಬೇಕು ಅನ್ನೋದನ್ನ ಒಂದೊಂದು ಕಂಪನಿ ಒಂದೊಂದು ಥರ ತೀರ್ಮಾನ ಮಾಡಿತು. ಶ್ರೀಲಿಪಿ, ಪ್ರಕಾಶಕ್, ಆಕೃತಿ, ಹೀಗೆ ಹಲವು ಪ್ಯಾಕೇಜುಗಳು. ಒಂದರಲ್ಲಿ ಟೈಪ್ ಮಾಡಿದ್ದನ್ನ ಇನ್ನೊಂದರ ಫಾಂಟ್‌ನಲ್ಲಿ ನೋಡಿದ್ರೆ ಗಲಿಬಿಲಿ. ಕೆಲವಕ್ಕೆ ಡಾಂಗಲ್ ಬೇರೆ. ಕಂಪ್ಯೂಟರಿನ ಹಿಂದೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸೋ ಒಂದು ಬೀಗ. ಅದಿಲ್ಲದಿದ್ರೆ ಸಾಫ್ಟ್‌ವೇರ್ ಏಳೋದೇ ಇಲ್ಲ. ಅಮ್ಮ ಮೊದಲು ಸಾಲ ಮಾಡಿ ಕೊಂಡಿದ್ದೂ ಅಂಥದ್ದೇ ಒಂದು ಪ್ಯಾಕೇಜ್. ಹೆಸರು ಬೇಡ. ಅದರ ಕಥೆಗೆ ಮತ್ತೆ ಬರ್ತೀನಿ.

ಇದರ ನಡುವೆ ದುಡ್ಡಿನ ಲೆಕ್ಕಕ್ಕೆ ಸಿಗದ ಕೆಲವರು ಇದ್ರು. ಮಂಗಳೂರು ಕಡೆಯ ಕಿನ್ನಿಕಂಬಳದವರು ಕೆ.ಪಿ. ರಾವ್. ಭಾರತೀಯ ಲಿಪಿಗಳನ್ನ ಅಚ್ಚಿನ ಮೆಷಿನ್‌ಗೆ ಹೊಂದಿಸೋ ಕೆಲಸ ಮಾಡಿದವರು. ಇಂಗ್ಲಿಷ್ ಕೀಬೋರ್ಡ್ ಮೇಲೇ ಕನ್ನಡ ಬರೆಯೋ ವಿನ್ಯಾಸ ಮಾಡಿದ್ರು. ಕೆ ಒತ್ತಿದ್ರೆ ಕ, ಶಿಫ್ಟ್ ಹಿಡಿದು ಒತ್ತಿದ್ರೆ ಖ. ಒತ್ತಕ್ಷರ ಬೇಕಾದ್ರೆ ನಡುವೆ ಎಫ್. ಅದಕ್ಕೆ ದುಡ್ಡು ಕೇಳಲಿಲ್ಲ. ‘ಸೇಡಿಯಾಪು’ ಅನ್ನೋ ತಂತ್ರಾಂಶವನ್ನೂ ಉಚಿತವಾಗಿ ಕೊಟ್ಟರು, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಲ್ಲಿ. ಅಮೆರಿಕದಲ್ಲಿದ್ದ ಶೇಷಾದ್ರಿವಾಸು 1998ರಲ್ಲಿ ‘ಬರಹ’ ಮಾಡಿ ಹಂಚಿದ್ರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ 2000ದ ನಂತರ ಸರ್ಕಾರದ ಅಧಿಕೃತ ತಂತ್ರಾಂಶ ಆಯ್ತು. ಕೀಬೋರ್ಡ್ ವಿನ್ಯಾಸ ರಾವ್ ಅವರದ್ದೇ. ಯಾವ ತುಂಡು ಯಾವ ಮನೆಯಲ್ಲಿ ಅನ್ನೋದಕ್ಕೂ ಸರ್ಕಾರ ಒಂದು ಶಿಷ್ಟತೆ ಮಾಡಿತು. ಅಮ್ಮ 2004ರಲ್ಲಿ ನುಡಿಗೆ ಬಂದ್ರು. ಆ ದಿನ ಡಾಂಗಲ್ ಕಿತ್ತು ಡ್ರಾಯರ್‌ಗೆ ಎಸೆದಿದ್ದು ಅವರಿಗಿನ್ನೂ ನೆನಪಿದೆ.

ಆದರೆ ಸರ್ಕಾರ ಶಿಷ್ಟತೆ ಮಾಡಿದ್ದು ತುಂಡುಗಳಿಗೆ. ಫೈಲ್ ಒಳಗೆ ಕೂತಿದ್ದು ಆಗಲೂ ಪಿ ಮತ್ತು ಪೌಂಡೇ. ನುಡಿ ಬರೆದದ್ದೇ ವಿಂಡೋಸ್‌ಗೆ ಅಂತ. ಸರ್ಕಾರಿ ಕಚೇರಿಯಲ್ಲಿ ಕನ್ನಡ ಕಡ್ಡಾಯ ಅಂದ್ರೆ ನುಡಿ, ನುಡಿ ಅಂದ್ರೆ ವಿಂಡೋಸ್. ಯಾರೂ ಕೂತು ಯೋಜನೆ ಹಾಕಿ ಮಾಡಿದ್ದಲ್ಲ ಇದು, ಹಾಗೇ ಸೇರಿಕೊಂಡು ಗಂಟಾಗಿದ್ದು. ನಾನು ಬಿ.ಕಾಂ ಓದಿದವನು, ಇಂಥ ಗಂಟು ಇನ್ನೊಂದು ಗೊತ್ತು: ಬೆಂಗಳೂರಲ್ಲೇ ಹುಟ್ಟಿದ ಟ್ಯಾಲಿ. ನಮ್ಮ ಊರಿನ ಅಕೌಂಟೆಂಟ್‌ಗಳು ವಿಂಡೋಸ್ ಬಿಡದೆ ಇರೋದಕ್ಕೆ ಆ ಒಂದು ಹೆಸರು ಸಾಕು.

ತಮಾಷೆ ಅಂದ್ರೆ, ಸರಿಯಾದ ದಾರಿ ಅಷ್ಟೊತ್ತಿಗೆ ಇತ್ತು. 1991ರ ಆಗಸ್ಟ್‌ನಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಾನೊಂದು ಆಪರೇಟಿಂಗ್ ಸಿಸ್ಟಂ ಬರೀತಿದ್ದೀನಿ ಅಂತ ಹೇಳಿಕೊಂಡ. ಅದೇ ಲಿನಕ್ಸ್ ಆಯ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಯುನಿಕೋಡ್‌ನ ಮೊದಲ ಆವೃತ್ತಿ ಬಂತು. ಅದರಲ್ಲಿ ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿ ಇದೆ. ನಮ್ಮದೇ ದೇಶದ ಇಸ್ಕಿ ಅನ್ನೋ ಸಂಕೇತ ಪಟ್ಟಿಯನ್ನ ಆಧಾರವಾಗಿಟ್ಟುಕೊಂಡು ಮಾಡಿದ್ದು. ಅಲ್ಲಿ ತುಂಡಿಲ್ಲ. ‘ಕ’ ಅಂದ್ರೆ ಕ, ಅದೊಂದು ಅಕ್ಷರ. ಅದನ್ನ ಹೇಗೆ ಬಿಡಿಸಬೇಕು, ಒತ್ತು ಎಲ್ಲಿ ಕೂರಬೇಕು ಅನ್ನೋದು ಪರದೆ ಮೇಲೆ ತೋರಿಸೋ ಹೊತ್ತಿನ ಕೆಲಸ, ಫಾಂಟು ಮತ್ತು ಸಿಸ್ಟಂ ಸೇರಿ ಮಾಡೋದು. ಫೈಲಿನಲ್ಲಿ ಭಾಷೆ, ಪರದೆಯಲ್ಲಿ ಚಿತ್ರ, ಎರಡೂ ಬೇರೆ ಬೇರೆ.

ಹಾಗಾದ್ರೆ ಎಲ್ಲರೂ ಯಾಕೆ ಬರಲಿಲ್ಲ? ಆ ತೋರಿಸೋ ಕೆಲಸ ಮಾಡೋಕೆ ಸಿಸ್ಟಂಗಳಿಗೆ ಬರ್ತಿರಲಿಲ್ಲ. ವಿಂಡೋಸ್‌ನಲ್ಲಿ ‘ತುಂಗಾ’ ಅನ್ನೋ ಯುನಿಕೋಡ್ ಕನ್ನಡ ಫಾಂಟ್ ಬಂದಿದ್ದು 2001ರ ಎಕ್ಸ್‌ಪಿ ಜೊತೆ. ಅದೂ ತಾನಾಗಿ ನಡೀತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ ಒಳಗೆ ಹೋಗಿ, ಒಂದು ಡಬ್ಬಿಗೆ ಟಿಕ್ ಹಾಕಿ, ಎಕ್ಸ್‌ಪಿ ಸಿಡಿ ತುರುಕಬೇಕಿತ್ತು. ತಿಪಟೂರಿನಲ್ಲಿ ಯಾರ ಹತ್ರ ಒರಿಜಿನಲ್ ಸಿಡಿ ಇತ್ತು ಅಂತ ನನ್ನ ಕೇಳಬೇಡಿ. ಇನ್ನು ಮದುವೆ ಕಾರ್ಡಿನ ಲೋಕ ನಡೀತಿದ್ದಿದ್ದು ಪೇಜ್‌ಮೇಕರ್ ಮೇಲೆ. ಅದರ ಕೊನೆಯ ಆವೃತ್ತಿ 7, ಅದಕ್ಕೆ ಯುನಿಕೋಡ್ ಕನ್ನಡ ಗೊತ್ತೇ ಇಲ್ಲ. ಇವತ್ತೂ ಎಷ್ಟೋ ಪ್ರೆಸ್ಸುಗಳಲ್ಲಿ ಅದೇ ಓಡ್ತಿದೆ.

ನೀವು ಕೂಡ ಇದನ್ನ ಅನುಭವಿಸಿದ್ದೀರಿ, ಮರೆತಿರಬಹುದು. ಹಳೇ ಫೋನಲ್ಲಿ ಕನ್ನಡ ಬದಲು ಡಬ್ಬಿ ಡಬ್ಬಿ ಕಾಣ್ತಿದ್ದು ನೆನಪಿದೆಯಾ? ಒಪೆರಾ ಮಿನಿಯ ಗುಟ್ಟಿನ ಸೆಟ್ಟಿಂಗ್‌ಗೆ ಹೋಗಿ, ಅಕ್ಷರಗಳನ್ನ ಚಿತ್ರ ಮಾಡಿ ಕಳಿಸು ಅಂತ ಆನ್ ಮಾಡಿದ್ರೆ ಮಾತ್ರ ಕನ್ನಡ ಪೇಪರ್ ಓದೋಕಾಗ್ತಿತ್ತು. ಆಂಡ್ರಾಯ್ಡ್‌ನಲ್ಲಿ ಕನ್ನಡ ಸರಿಯಾಗಿ ಕಾಣೋಕೆ ಶುರುವಾಗಿದ್ದು 2012ರ ಜೆಲ್ಲಿ ಬೀನ್‌ನಿಂದ. ಅಂದಹಾಗೆ ಆಂಡ್ರಾಯ್ಡ್‌ನ ಒಳಗಿರೋ ಕರ್ನಲ್ ಲಿನಕ್ಸೇ. ನಿಮ್ಮಲ್ಲಿ ಬಹಳ ಜನ ಈ ಎಪಿಸೋಡನ್ನ ಲಿನಕ್ಸ್ ಮೇಲೇ ಕೇಳ್ತಿದ್ದೀರಿ. ನಮ್ಮಮ್ಮನೂ ವಾಟ್ಸಾಪ್‌ನಲ್ಲಿ ಯುನಿಕೋಡ್ ಕನ್ನಡ ಬರೆದು ಎಷ್ಟೋ ವರ್ಷ ಆಗಿತ್ತು. ಜೇಬಲ್ಲಿರೋ ಕನ್ನಡ ಒಂದು, ಅಂಗಡಿಯಲ್ಲಿರೋ ಕನ್ನಡ ಇನ್ನೊಂದು ಅನ್ನೋದು ಮಾತ್ರ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಸಿಸ್ಟಂ ಬದಲಿಸಿದಾಗ ಫೈಲುಗಳು ಕೈಕೊಡೋದು ನಮ್ಮ ಒಬ್ಬರ ಕಥೆ ಅಲ್ಲ. ಆ ಜರ್ಮನ್ ಡಬಲ್ ಎಸ್ ಅಕ್ಷರ ಹುಟ್ಟಿದ ದೇಶದಲ್ಲೇ ಇದರ ದೊಡ್ಡ ಆವೃತ್ತಿ ನಡೆದಿದೆ. ಮ್ಯೂನಿಕ್ ನಗರಾಡಳಿತದ ಕಂಪ್ಯೂಟರುಗಳಲ್ಲಿ ವಿಂಡೋಸ್ ಎನ್‌ಟಿ 4 ಇತ್ತು. ಅದರ ಬೆಂಬಲ ನಿಲ್ಲುತ್ತೆ ಅಂತಾದಾಗ 2003ರಲ್ಲಿ ನಗರಸಭೆ ಲಿನಕ್ಸ್‌ಗೆ ಹೋಗೋ ತೀರ್ಮಾನ ಮಾಡಿತು. ಮೈಕ್ರೋಸಾಫ್ಟ್ ಮುಖ್ಯಸ್ಥ ಸ್ಟೀವ್ ಬಾಲ್ಮರ್ ರಜೆ ಬಿಟ್ಟು ಮೇಯರ್ ಕ್ರಿಸ್ಟಿಯಾನ್ ಊಡೆ ಅವರನ್ನ ನೋಡೋಕೆ ಓಡಿ ಬಂದ್ರೂ ತೀರ್ಮಾನ ಬದಲಾಗಲಿಲ್ಲ. ಯೋಜನೆಯ ಹೆಸರು ಲಿಮಕ್ಸ್. ಮುಗಿಯೋ ಹೊತ್ತಿಗೆ 2013 ಆಗಿತ್ತು, 14,000ಕ್ಕೂ ಹೆಚ್ಚು ಮೆಷಿನ್ನುಗಳು. ಹತ್ತು ವರ್ಷ ಹಿಡಿದಿದ್ದು ಲಿನಕ್ಸ್ ಇನ್‌ಸ್ಟಾಲ್ ಮಾಡೋದಕ್ಕಲ್ಲ. ಕಚೇರಿ ಕಚೇರಿಯಲ್ಲಿ ವರ್ಡ್ ಫೈಲಿನ ನಮೂನೆ, ಫಾರಂ, ಮ್ಯಾಕ್ರೊ. ಅದಕ್ಕೇ ಅಂತ ವೋಲ್‌ಮುಕ್ಸ್ ಅನ್ನೋ ಪ್ರತ್ಯೇಕ ಸಾಫ್ಟ್‌ವೇರನ್ನೇ ಬರೆಸಬೇಕಾಯ್ತು. ಕೊನೆಗೆ 2017ರಲ್ಲಿ ನಗರಸಭೆ ವಾಪಸ್ ವಿಂಡೋಸ್‌ಗೆ ಅಂತ ಮತ ಹಾಕಿತು. ಅದರ ಹಿಂದೆ ರಾಜಕೀಯ ಎಷ್ಟು, ತಂತ್ರಜ್ಞಾನ ಎಷ್ಟು ಅಂತ ಇವತ್ತಿಗೂ ಜಗಳ ಇದೆ. ನನಗೆ ಅದರಲ್ಲಿ ಕಂಡಿದ್ದು ಇಷ್ಟು: ಅಷ್ಟು ದುಡ್ಡು, ಅಷ್ಟು ಇಂಜಿನಿಯರುಗಳಿದ್ದ ಊರಿಗೇ ಹಳೇ ಫೈಲು ಇಷ್ಟು ಸುಸ್ತು ಮಾಡಿದೆ. ಒಂದೇ ಮಧ್ಯಾಹ್ನದಲ್ಲಿ ಮುಗಿಸ್ತೀನಿ ಅಂತ ಹೊರಟ ನಾನು ಯಾವ ಲೆಕ್ಕ.

ಸರಿ, ಅಂಗಡಿಗೆ ಬರೋಣ. ನುಡಿ ಫೈಲುಗಳ ವಿಷಯ ಅಷ್ಟು ಕಷ್ಟ ಆಗಲಿಲ್ಲ. ಫಾಂಟ್ ಉಚಿತವಾಗಿ ಸಿಗುತ್ತೆ, ತಂದು ಲಿನಕ್ಸ್‌ನ ಫಾಂಟ್ ಫೋಲ್ಡರಿಗೆ ಹಾಕಿದ ತಕ್ಷಣ ಕರಾರು ಪತ್ರ ಕನ್ನಡದಲ್ಲಿ ಕಾಣಿಸ್ತು. ಅಮ್ಮ ಉಸಿರು ಬಿಟ್ರು. ಕೀಬೋರ್ಡೂ ಸಿಕ್ತು: ರಾವ್ ವಿನ್ಯಾಸ ಲಿನಕ್ಸ್‌ನಲ್ಲಿ ಕೆಜಿಪಿ ಅನ್ನೋ ಹೆಸರಲ್ಲಿದೆ. ಅಮ್ಮನ ಬೆರಳಿಗೆ ಹೊಸದು ಕಲಿಯೋ ಕೆಲಸ ಬರಲಿಲ್ಲ. ಮೂರು ದಿನದಿಂದ ನನ್ನ ಜೊತೆ ಸರಿಯಾಗಿ ಮಾತಾಡದೆ ಇದ್ದವರು ಕೆ, ಎಫ್, ಕೆ ಒತ್ತಿ ‘ಕ್ಕ’ ಬಂದಾಗ, “ಊಟ ಮಾಡಿದ್ಯೇನೋ” ಅಂದ್ರು.

ಆದ್ರೆ ಫಾಂಟ್ ಹಾಕಿದ್ರೆ ವೇಷ ವಾಪಸ್ ಬಂತು ಅಷ್ಟೆ, ಒಳಗೆ ಪೌಂಡೇ. ಆ ಪಠ್ಯವನ್ನ ವಾಟ್ಸಾಪ್‌ಗೆ ಅಂಟಿಸೋಕಾಗಲ್ಲ, ಅಕ್ಷರಮಾಲೆ ಕ್ರಮದಲ್ಲಿ ಜೋಡಿಸೋಕಾಗಲ್ಲ. ಹಾಗಾಗಿ ಪರಿವರ್ತನೆ ಮಾಡೋಣ ಅಂತ ಹೊರಟೆ. ಅರವಿಂದ ವಿ.ಕೆ. ಥರದವರು ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸೋ ಪರಿವರ್ತಕಗಳನ್ನ ಮಾಡಿ ಎಲ್ಲರಿಗೂ ಬಿಟ್ಟಿದ್ದಾರೆ. ಕೆಲಸ ಒಂದಕ್ಕೊಂದು ಬದಲಿಸೋದಷ್ಟೇ ಅಂದುಕೊಂಡಿದ್ದೆ, ಅಲ್ಲ. ‘ವರ್ಷ’ ತಗೊಳ್ಳಿ. ಆಸ್ಕಿಯಲ್ಲಿ ಕಣ್ಣಿಗೆ ಕಂಡ ಕ್ರಮ: ವ, ಷ, ಆಮೇಲೆ ಅರ್ಕಾವತ್ತು. ಯುನಿಕೋಡ್‌ನಲ್ಲಿ ಬಾಯಲ್ಲಿ ಹೇಳೋ ಕ್ರಮ: ವ, ರ, ಹಲಂತ, ಷ. ಹಿಂದಿದ್ದ ಅರ್ಕಾವತ್ತನ್ನ ಹುಡುಕಿ ತಂದು ಷ ಮುಂದೆ ‘ರ’ ಮಾಡಿ ಕೂರಿಸಬೇಕು. ಇಂಥ ಎಷ್ಟೋ ಸೂಕ್ಷ್ಮ ಆ ಪರಿವರ್ತಕಗಳ ಒಳಗಿದೆ. ಒಂದೇ ಕಿರಿಕಿರಿ: ಫೈಲಿನಲ್ಲಿ ನಡುವೆ ನಿಜವಾದ ಇಂಗ್ಲಿಷ್ ಇದ್ರೆ, ಅದನ್ನೂ ತುಂಡು ಅಂದುಕೊಂಡು ಕನ್ನಡ ಮಾಡಿಬಿಡುತ್ತೆ. ಒಬ್ಬರ ಪ್ಯಾನ್ ನಂಬರ್ ಯಾವುದೋ ಮಂತ್ರದ ಥರ ಬಂದಿತ್ತು.

ಇನ್ನೊಂದು ಸಣ್ಣ ವಿಷಯ, ಕರಾರು ಬರೆಯೋರಿಗೆ ದೊಡ್ಡದು. ಯುನಿಕೋಡ್ ಫಾಂಟ್‌ನ ಅಗಲ ಬೇರೆ. ಎರಡು ಪುಟಕ್ಕೆ ಸರಿಯಾಗಿ ಕೂರ್ತಿದ್ದ ಕರಾರು ಮೂರನೇ ಪುಟಕ್ಕೆ ಹೋಗಿ ಬರೀ ಸಾಕ್ಷಿಗಳ ಸಹಿ ಅಲ್ಲಿ ನಿಂತ್ಕೊಳ್ಳುತ್ತೆ. ವಿಷಯ ಇಲ್ಲದ ಪುಟದಲ್ಲಿ ಸಹಿ ಹಾಕಿಸೋಕೆ ಯಾವ ವಕೀಲರೂ ಒಪ್ಪಲ್ಲ. ಅಮ್ಮ ಒಂದು ವಾರ ಕೂತು ಸಾಲಿನ ಅಂತರ, ಅಂಚು ಎಲ್ಲ ಮತ್ತೆ ಸರಿ ಮಾಡಿದ್ರು.

ಈಗ ಡಾಂಗಲ್ ವಿಷಯ. 1999ರಿಂದ 2004ರವರೆಗಿನ ಫೈಲುಗಳು ಆ ಹಳೇ ಪ್ಯಾಕೇಜಿನವು. ಹೆಚ್ಚಿನವು ಯಾರಿಗೂ ಬೇಡ. ಒಂದು ಬೇಕು. ನಮ್ಮ ತಾತ, ಅಮ್ಮನ ಅಪ್ಪ, ಹಳ್ಳಿ ಶಾಲೆಯ ಮೇಷ್ಟ್ರು. ಕಣ್ಣು ಮಂಜಾದ ಮೇಲೆ ಅಂಗಡಿಗೆ ಬಂದು ಸಂಜೆ ಹೊತ್ತು ತಮ್ಮ ಕಥೆ ಹೇಳೋರು, ಅಮ್ಮ ಟೈಪ್ ಮಾಡೋರು. 38 ಪುಟ. ಆಮೇಲೆ ಪ್ರಿಂಟ್ ತೆಗೆಯೋಣ ಅಂತ ಇಟ್ಟಿದ್ದು. ತಾತ 2003ರಲ್ಲಿ ಹೋದ್ರು, ಮರುವರ್ಷ ಪ್ಯಾಕೇಜ್ ಬದಲಾಯ್ತು, ಫೈಲು ಮೆಷಿನ್ನಿಂದ ಮೆಷಿನ್ನಿಗೆ ಸಾಗ್ತಾ ಇತ್ತು. ಇದೆಯಲ್ಲ ಅನ್ನೋ ಧೈರ್ಯದಲ್ಲಿ ಯಾರೂ ತೆರೆಯಲಿಲ್ಲ. ಡ್ರಾಯರಿನಲ್ಲಿ ಡಾಂಗಲ್ ಇಲ್ಲ, ಫ್ಲಾಪಿ ಇಲ್ಲ. ಡಿಸ್ಕ್ ಒರೆಸುವಾಗ ಹಳೇ ಫಾಂಟುಗಳೂ ಹೋಗಿವೆ. ಅದು ನಾನೇ ಮಾಡಿದ್ದು. ಡಾಕ್ಯುಮೆಂಟ್ಸ್ ಕಾಪಿ ಮಾಡಿಕೊಂಡಿದ್ದೆ, ಫಾಂಟ್ಸ್ ಫೋಲ್ಡರ್ ಬಿಟ್ಟಿದ್ದೆ. ಆ ಪ್ಯಾಕೇಜಿನ ಸಂಕೇತಕ್ಕೆ ಹೊಂದೋ ಪರಿವರ್ತಕ ನನಗೆ ಸಿಗಲಿಲ್ಲ.

ಉಳಿದಿದ್ದು ಒಂದೇ ದಾರಿ, ಗುಪ್ತಲಿಪಿ ಬಿಡಿಸಿದ ಹಾಗೆ ಬಿಡಿಸೋದು. ಬಿ.ಕಾಂ ಬುದ್ಧಿ, ಸ್ಪ್ರೆಡ್‌ಶೀಟ್ ತೆರೆದೆ. ಯಾವ ಚಿಹ್ನೆ ಎಷ್ಟು ಸಲ ಬಂದಿದೆ ಅಂತ ಎಣಿಸಿದೆ. ಎಲ್ಲಕ್ಕಿಂತ ಜಾಸ್ತಿ ಬಂದಿದ್ದು ತಲೆಕಟ್ಟು ಇರಬೇಕು ಅಂತ ಊಹೆ, ನಮ್ಮ ಅದೃಷ್ಟಕ್ಕೆ ಸರಿಯಾಯ್ತು. ಆಮೇಲೆ ಗೊತ್ತಿರೋ ಪದ ಹುಡುಕೋದು. ಮೇಷ್ಟ್ರ ಕಥೆ ಅಂದ್ಮೇಲೆ ‘ಶಾಲೆ’ ಇರಲೇಬೇಕು. ‘ತಿಪಟೂರು’ ಇರಬೇಕು. ‘ಮತ್ತು’ ಎಲ್ಲ ಕಡೆ ಇರಬೇಕು. ಅಮ್ಮನಿಗೆ ಮೊದಲ ಸಾಲು ನೆನಪಿತ್ತು, ಪೂರ್ತಿ ಅಲ್ಲ, ಅರ್ಧ. ಆ ಅರ್ಧ ಸಾಲಿಂದ ಹದಿನಾಲ್ಕು ತುಂಡು ಒಂದೇ ಸಲ ಸಿಕ್ಕವು. ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ನಾನು ಪಟ್ಟಿ ತುಂಬ್ತೀನಿ, ಅಮ್ಮ ಓದಿ, “ಇಲ್ಲ ಕಣೋ, ಅಪ್ಪ ಹಾಗನ್ನಲ್ಲ, ‘ಹೋಗಿದ್ದೆವು’ ಅನ್ನಲ್ಲ, ‘ಹೋಗಿದ್ವಿ’ ಅಂತಾನೇ ಬರೆಸಿದ್ದು” ಅಂತ ತಿದ್ದುತಾರೆ.

ಇವತ್ತಿಗೆ 21 ಪುಟ ಆಗಿದೆ. ಕೆರೆ ತುಂಬಿ ಶಾಲೆಯೊಳಗೆ ನೀರು ನುಗ್ಗಿದ ದಿನದವರೆಗೆ ಬಂದಿದ್ದೀವಿ. ಒಂದು ಚಿಹ್ನೆ ಮಾತ್ರ ಇನ್ನೂ ಕಗ್ಗಂಟು. ಹನ್ನೊಂದು ಸಲ ಬರುತ್ತೆ. ನಾನು ಅದು ಕೃ ಅನ್ನೋದರಲ್ಲಿ ಬರೋ ಸುಳಿ ಅಂತೀನಿ, ಅಮ್ಮ ಞ ಒತ್ತು ಅಂತಾರೆ. ಯಾರು ಸರಿ ಅಂತ 22ನೇ ಪುಟದಲ್ಲಿ ಗೊತ್ತಾಗಬಹುದು, ಅಲ್ಲಿ ಅದು ಒಂದೇ ಸಾಲಲ್ಲಿ ಎರಡು ಸಲ ಇದೆ.